ಬುಗ್ರಪ್ಪ ಬಾನೆಟ್ಟಿಂದ ಇಳಿದಿದ್ದು

‘ಗಾಲಿ’ ಅನ್ನೋ ರೇಸ್ ಗೇಮ್ ಆಡಿರೋರಿಗೆಲ್ಲ ಬುಗ್ರಪ್ಪ ಗೊತ್ತು. ಕಾರಿನ ಬಾನೆಟ್ ಮ್ಯಾಲೆ ಕುಂತ್ಕೊಂಡು, ಹೊಟ್ಟೆ ಮುಂದಕ್ಕೆ ಬುಟ್ಕೊಂಡು, ಟಕ ಟಕ ಅಂತ ತಲೆ ಆಡುಸ್ತಿದ್ನಲ್ಲ ಕೆಂಪು ಟೋಪಿ ಮರದ ಬೊಂಬೆ, ಅವ್ನೇ. ಅವ್ನ ಬರ್ದೋನು ನಾನು, ಚನ್ನಪಟ್ಟಣದ ನಂಜುಂಡಿ. ಬೇರೆ ಯಾವನಾದ್ರೂ ಬಂದು ‘ನಾನು ಬರ್ದೆ’ ಅಂದ್ರೆ ನಂತಾವ ಕಳ್ಸಿ, ಒಸಿ ವಿಚಾರುಸ್ಕೊತೀನಿ.

ಈಗ ರಿಟೈರ್ ಆಗಿ ಮನೇಲಿ ಕುಂತಿವ್ನಿ. ಕನಕಪುರ, ಮಾಗಡಿ ಕಡೆಯಿಂದೆಲ್ಲ ಹುಡುಗ್ರು ಹುಡುಗೀರು ಅನಿಮೇಶನ್ ಕೋರ್ಸು ಮುಗಿಸ್ಬುಟ್ಟು ಬತ್ತಾರೆ. ‘ಅಣ್ಣ, ಗೇಮ್ ಕಂಪನೀಲಿ ಕೆಲ್ಸ ಎಂಗಿರ್ತದೆ?’ ಅಂತ ಕೇಳ್ತಾರೆ. ದಿನಾ ಆಟ ಆಡ್ಕೊಂಡು ಸಂಬ್ಳ ಎಣ್ಸದು ಅಂತ ಅವ್ರ ತಲೇಲಿ ಐತೆ. ಮಕ್ಳಾ, ನಿಮ್ ಬೊಂಬೆ ಮುಷ್ಟಿ ಕಟ್ಟುದ್ರೆ ಬೆರಳು ಅಂಗೈ ಒಳಕ್ಕೆ ತೂರ್ಕೊಂಡು ಆ ಕಡೆ ಆಚೆಗೆ ಬತ್ತದೆ. ಅದನ್ನ ಸರಿ ಮಾಡೋ ಹೊತ್ಗೆ ನಿಮ್ ಕಣ್ಣು ಗುಡ್ಡೆ ಆಚೆಗೆ ಬತ್ತದೆ. ಅದೇ ಕೆಲ್ಸ. ಪ್ರಮೋಶನ್ನು, ಡೆಸಿಗ್ನೇಶನ್ನು ಅಂತ ನಾನು ಹೇಳಕ್ಕೆ ಹೋಗಕ್ಕಿಲ್ಲ. ನನ್ ಹುದ್ದೆ ಹೆಸ್ರು ಎಷ್ಟು ಸಲ ಬದಲಾಯ್ಸಿದ್ರೋ, ಕೂರ್ತಿದ್ದ ಕುರ್ಚಿ ಮಾತ್ರ ಅದೇ.

ಈ ಕೆಲ್ಸಕ್ಕೆ ನಾನು ಸೇರ್ಕೊಂಡಿದ್ದು ಒಂದು ತರಲೆಯಿಂದ. ನಮ್ಮೂರಲ್ಲಿ ಕರೀಂ ಸಾಬ್ರು ಅಂತ ಇದ್ರು, ಮರದ ಬೊಂಬೆ ಮಾಡೋರು. ಅವ್ರು ಲೇತಲ್ಲಿ ಆಲೆ ಮರ ತಿರುಗ್ಸಿ, ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸ್ತಿದ್ರು. ನಾನು ಕಣ್ಣು, ಮೀಸೆ, ಹುಬ್ಬು ಬರಿತಿದ್ದೆ. ಬೊಂಬೆ ಕೆಲ್ಸ ಇಲ್ದಾಗ ಪಕ್ಕದ ಪ್ರಿಂಟಿಂಗ್ ಅಂಗ್ಡೀಲಿ ಕಂಪ್ಯೂಟರ್ ಮುಂದೆ ಕುಂತು ಲಗ್ನಪತ್ರಿಕೆ ಮಾಡ್ತಿದ್ದೆ. ಒಂದಿನ ಬೆಂಗ್ಳೂರಿಂದ ಒಬ್ರು ಕಾರಲ್ಲಿ ಬಂದ್ರು. ಬೋಳು ತಲೆ, ದಪ್ಪ ಕನ್ನಡಕ. ಕರೀಂ ಸಾಬ್ರ ಜೊತೆ ಚೌಕಾಸಿ ಮಾಡ್ತಾ ನಿಂತಿದ್ರು. ನಾನು ಸುಮ್ಕಿರ್ಲಾರ್ದೆ ಒಂದು ಬುಗ್ರಿ ತಕ್ಕೊಂಡು, ಅದ್ರ ಮ್ಯಾಲೆ ಅವ್ರದ್ದೇ ಕನ್ನಡಕ, ಅವ್ರದ್ದೇ ಗಂಟು ಹುಬ್ಬು ಬರ್ದು, ಅವ್ರು ನೋಡೋ ಅಂಗೆ ಮೇಜಿನ ಮ್ಯಾಲೆ ತಿರುಗ್ಸಿ ಬುಟ್ಟೆ. ಬುಗ್ರಿ ನಿಂತಾಗ ಅವ್ರ ಮಖ ಅವ್ರನ್ನೇ ನೋಡ್ತಿತ್ತು.

ಕರೀಂ ಸಾಬ್ರು, “ಅರೆ ಕಮ್ಬಖ್ತ್! ಗಿರಾಕಿ ಓಡ್ಸಕ್ಕೆ ನಿಂಗೆ ಸಂಬ್ಳ ಕೊಡ್ಬೇಕೇನ್ಲಾ?” ಅಂತ ಕೂಗಿದ್ರು.

ಕನ್ನಡಕದೋರು ನಗಾಡ್ಕೊಂಡು ಬುಗ್ರಿ ಎತ್ಕೊಂಡು, “ರೀ, ಕಂಪ್ಯೂಟರಲ್ಲಿ ಬರೆಯೋಕೆ ಬರುತ್ತೇನ್ರೀ?” ಅಂತ ಕೇಳಿದ್ರು.

“ಬತ್ತದೆ ಸಾರ್. ಅದೊಂದೇ ಬರೋದು” ಅಂದೆ. ಗಣೇಶನ ಬಾರ್ಡರು, ಬಾಳೆಕಂಬ ಬಿಟ್ರೆ ನಂಗೆ ಅಲ್ಲಿ ಬೇರೇನೂ ಬತ್ತಿರ್ಲಿಲ್ಲ. ಅವ್ರೇ ಜಯಂತ್ ಸಾರು. ಮೊಬೈಲ್ ಗೇಮ್ ಮಾಡೋ ಒಂದು ಸಣ್ಣ ಕಂಪನಿ ಇಟ್ಕೊಂಡಿದ್ರು. ಅವತ್ತಿಂದ ನಂಗೆ ಬೆಳಿಗ್ಗೆ ಟ್ರೇನು, ಸಂಜೆ ಟ್ರೇನು.

ಆಗ ಬಟನ್ ಫೋನಿನ ಕಾಲ. ಪರದೆ ಅಂದ್ರೆ ಬೆಂಕಿಪೊಟ್ಣ. ಅದ್ರೊಳಗೆ ರಸ್ತೆ, ಕಾರು, ಮರ, ಎಲ್ಲಾ ತುಂಬ್ಬೇಕು. ‘ಗಾಲಿ’ ಮೊದಲ್ನೇ ಆಟಕ್ಕೆ ಗುರ್ತಿಗೆ ಒಂದು ಬೊಂಬೆ ಬೇಕು ಅಂದ್ರು ಜಯಂತ್ ಸಾರು. ಜನ ಕಾರು ಮರೀತಾರೆ, ಮಖ ಮರೆಯಲ್ಲ ಅನ್ನೋದು ಅವ್ರ ಲೆಕ್ಕ. ಮಖಕ್ಕೆ ಅಂತ ನಂಗೆ ಸಿಕ್ಕಿದ್ದು ನಾಕು ಚುಕ್ಕಿ ಜಾಗ. ಅದ್ರಲ್ಲಿ ಮೂಗು ಬರಿಯಕ್ಕೆ ಹೋದ್ರೆ ಬಾಯಿಗೆ ಜಾಗ ಇಲ್ಲ, ಬಾಯಿ ಬರುದ್ರೆ ಕಣ್ಣಿಗಿಲ್ಲ. ಅದಕ್ಕೇ ಬುಗ್ರಪ್ಪನಿಗೆ ಬಾಯಿಲ್ಲ. ಆಮ್ಯಾಲೆ ಯಾರೋ ಪೇಪರ್ನೋರು ‘ಬಾಯಿಲ್ಲದ ಮೌನದ ಅರ್ಥವೇನು?’ ಅಂತ ಕೇಳಿದ್ರು. ‘ಯೋಗ ಸಾರ್’ ಅಂದ್ಬುಟ್ಟೆ. ಬರ್ಕೊಂಡು ಹೋದ್ರು.

ಪ್ರೋಗ್ರಾಮ್ ಬರಿಯೋನು ಮೆಲ್ವಿನ್. ಸಣ್ಣ ವಯಸ್ಸು, ಒಳ್ಳೆ ಬುದ್ಧಿವಂತ, ಏನ್ ಹೇಳುದ್ರೂ ನಂಬೋನು. ಅಂತಾ ಜನ ಆಫೀಸಲ್ಲಿ ಒಬ್ರಾದ್ರೂ ಇರ್ಬೇಕು, ಇಲ್ದಿದ್ರೆ ನಮ್ಮಂತೋರಿಗೆ ಊಟ ಸೇರಕ್ಕಿಲ್ಲ. ಅವ್ನು ಒಂದಿನ ಬಂದು ಕೇಳ್ದ.

“ಅಣ್ಣಾ, ಬುಗ್ರಪ್ಪ ತಲೆ ಆಡಿಸ್ಬೇಕು ಅಂದ್ರಲ್ಲ, ಯಾವಾಗ ಆಡಿಸ್ಬೇಕು?”

“ಗಾಲಿ ತಿರುಗ್ದಾಗ.”

“ಯಾವಾಗ್ಲೂನಾ? ಗುಂಡಿಗೆ ಬಿದ್ದಾಗ, ಬ್ರೇಕ್ ಹಾಕಿದಾಗ ಅಲ್ವಾ?”

“ಏನ್ ಮೆಲ್ವಿನ್, ಗಾಲಿ ತಿರುಗ್ದೆ ತಲೆ ಎಂಗಪ್ಪಾ ಆಡ್ತದೆ?”

ಅವ್ನು ನನ್ನೇ ನೋಡ್ದ. ನಾನು ಅವ್ನ್ನೇ ನೋಡ್ದೆ. ಯಾರಿಗೂ ಏನೂ ಅರ್ಥ ಆಗ್ಲಿಲ್ಲ. ಯಾಕಂದ್ರೆ ನಮ್ ಕಡೆ ದಾರ ಕಟ್ಟಿ ಎಳಿಯೋ ಗಾಡಿ ಬೊಂಬೆ ಮಾಡೋದೇ ಅಂಗೆ. ಎರಡು ಗಾಲಿ ಮಧ್ಯದ ಕಡ್ಡಿ ಮ್ಯಾಲೆ ಒಂದು ಸಣ್ಣ ಉಬ್ಬು ಇರ್ತದೆ. ಗಾಲಿ ಒಂದು ಸುತ್ತು ಬಂದಾಗ ಆ ಉಬ್ಬು ಬೊಂಬೆ ತಲೇನ ಮ್ಯಾಲಕ್ಕೆ ತಳ್ಳಿ ಬುಡ್ತದೆ. ತಲೆ ಎದ್ದು ಬೀಳ್ತದೆ. ಹುಟ್ಟಿದಾಗಿಂದ ನಾನು ನೋಡಿರೋದು ಅದೇ. ಬೆಂಗ್ಳೂರಿನ ಮಕ್ಳಿಗೆ ಸ್ಪ್ರಿಂಗ್ ಮ್ಯಾಲೆ ಕುಣಿಯೋ ತಲೆ ಗೊತ್ತು. ನಂಗೆ ಗಾಲಿಗೆ ಕಟ್ಟಿರೋ ತಲೆ ಗೊತ್ತು. ಒಳಗೆ ಒಂದು ಉಬ್ಬು ಇಲ್ದೆ ತಲೆ ತಾನಾಗೇ ಆಡ್ಬೋದು ಅನ್ನೋದೇ ನಂಗೆ ಹೊಳೀಲಿಲ್ಲ.

ಮೆಲ್ವಿನ್‌ಗೆ ಒಳ್ಳೇದೇ ಆಯ್ತು. ಗಾಲಿಗೆ ಒಂದು ಲೆಕ್ಕ, ತಲೆಗೆ ಒಂದು ಲೆಕ್ಕ ಅಂತ ಇಡೋ ಬದ್ಲು ಎರಡಕ್ಕೂ ಒಂದೇ ಇಟ್ಟ. ಫೋನಲ್ಲಿ ಜಾಗ ಉಳೀತು ಅಂತ ನಂಗೆ ಬಿಸಿ ಬಜ್ಜಿ ಕೊಡಿಸ್ದ. ನಾನು ಬೇಕೂಂತ್ಲೇ ಜಾಗ ಉಳ್ಸಕ್ಕೆ ಅಂಗೆ ಹೇಳ್ದೆ ಅಂತ ಆಫೀಸಲ್ಲೆಲ್ಲ ಹೇಳ್ಕೊಂಡು ತಿರುಗ್ದೆ.

ಆಟ ಓಡ್ತು. ಆಮ್ಯಾಲೆ ಟಚ್ ಫೋನು ಬಂದ್ವು, ಎರಡನೇ ಆಟನ ಕಂಪ್ಯೂಟರಿಗೂ ಮಾಡ್ಬೇಕು ಅಂದ್ರು. ಈಗ ಬೊಂಬೆನ ಸುತ್ತ ತಿರುಗ್ಸಿ ನೋಡ್ಬೋದು. ಬೆನ್ನು ಬರೀಬೇಕು, ಕಂಕುಳು ಬರೀಬೇಕು. ಹೊರದೇಶದ ರಸ್ತೆಗಳು, ಹಿಮದ ಬೆಟ್ಟ, ಸ್ಟೇಡಿಯಂ. ಸ್ಟೇಡಿಯಂ ತುಂಬ ಜನ ಬೇಕು ಅಂದ್ರು. ನಾನು ನಮ್ಮನೆ ಮದುವೆ ಆಲ್ಬಮ್ ನೋಡ್ಕೊಂಡು ಬರ್ದೆ. ಹಿಮದ ಬೆಟ್ಟದ ತಾವ ಕಂಬಳಿ ಹೊದ್ದು ಕುಂತಿರೋನು ನಮ್ ದೊಡ್ಡಭಾವ. ಅದೇ ಬೆಟ್ಟದ ತಿರುವಲ್ಲಿ ಒಂದು ಮೈಲುಗಲ್ಲು ನಿಲ್ಸಿ ಅದ್ರ ಮ್ಯಾಲೆ ಕನ್ನಡದಲ್ಲಿ ‘ಉಯ್ಯಂಬಳ್ಳಿ’ ಅಂತ ಬರ್ದೆ. ನಮ್ಮವ್ವನ ತವರು ಅದು. ಅಲ್ಲಿ ನಮ್ ಆಟ ಮಾರೋ ಹೊರದೇಶದ ಕಂಪನಿಯೋರು ಫೋನ್ ಮಾಡಿ ಆ ಅಕ್ಷರ ಏನು ಅಂತ ಕೇಳಿದ್ರಂತೆ. ಜಯಂತ್ ಸಾರು ನನ್ನ ಕರೆದ್ರು.

“ರೀ ನಂಜುಂಡಿ, ಏನ್ರೀ ಅದು?”

“ಪ್ರಯಾಣ ಸುಖವಾಗ್ಲಿ ಅಂತ ಸಾರ್.”

“ನಿಜವಾಗ್ಲೂ?”

“ನಮ್ಮವ್ವನಾಣೆ.”

ಸಾರು ಅದನ್ನೇ ಇಂಗ್ಲಿಷಲ್ಲಿ ಹೇಳಿದ್ರು. ಅವ್ರು ತುಂಬಾ ಸಂತೋಷಪಟ್ರಂತೆ. ಈಗ್ಲೂ ಆ ಬೆಟ್ಟದ ಮ್ಯಾಲೆ ಉಯ್ಯಂಬಳ್ಳಿಗೆ ದಾರಿ ಐತೆ.

ಆದ್ರೆ ಆ ಎರಡನೇ ಆಟದಲ್ಲಿ ನಾನು ಒಂದು ಎಡವಟ್ಟೂ ಮಾಡ್ದೆ, ಅದನ್ನೂ ಕೇಳ್ಕೊಳ್ಳಿ. ಅರಗಿನ ಬೊಂಬೆಗೆ ತಾಳೆಗರಿ ಉಜ್ಜುದ್ರೆ ಹೊಳಪು ಬತ್ತದೆ. ಬುಗ್ರಪ್ಪನ ಕೆನ್ನೆ ಮ್ಯಾಲೆ ಆ ಹೊಳಪು ನಾನು ಬಣ್ಣದಲ್ಲೇ ಬರ್ದ್ಬುಟ್ಟೆ, ಕರೀಂ ಸಾಬ್ರ ಕಿಟಕಿಯಿಂದ ಬೆಳಕು ಬೀಳ್ತಿತ್ತಲ್ಲ, ಅಂಗೇ. ಬೊಂಬೆ ಅದ್ಭುತವಾಗಿತ್ತು. ಆದ್ರೆ ಆಟದಲ್ಲಿ ಕತ್ಲು ಸುರಂಗದೊಳಗೆ ಕಾರು ನುಗ್ತು. ರಸ್ತೆ ಕಪ್ಪು, ಕಾರು ಕಪ್ಪು, ಬುಗ್ರಪ್ಪನ ಕೆನ್ನೆ ಮಾತ್ರ ನಡು ಮಧ್ಯಾಹ್ನ!

ಮೆಲ್ವಿನ್ ಬಂದು, “ಅಣ್ಣಾ, ಇವನ ಬಾಯೊಳಗೆ ಟ್ಯೂಬ್‌ಲೈಟ್ ಇಟ್ಟಿದ್ದೀರಾ?” ಅಂದ.

“ಅವ್ನಿಗೆ ಬಾಯೆಲ್ಲೈತಪ್ಪಾ?” ಅಂದೆ. ಜಾಣ ಉತ್ರ ಕೊಟ್ಟೆ ನಿಜ, ಆದ್ರೆ ಮೈಯೆಲ್ಲ ಮತ್ತೆ ಬರೀಬೇಕಾಯ್ತು. ಬೆಳಕನ್ನ ನೀವು ಬರೀಬ್ಯಾಡಿ ಮಕ್ಳಾ. ಮೈ ಯಾವ ತರದ್ದು ಅಂತ ಹೇಳಿ ಸುಮ್ಕಿರಿ, ಬೆಳಕು ತಾನೇ ಬಂದು ಕೂರ್ತದೆ. ಇದನ್ನ ನಂಗೆ ಯಾರೂ ಹೇಳ್ಕೊಟ್ಟಿರ್ಲಿಲ್ಲ.

ಅದೇ ಆಟದಲ್ಲಿ ಇನ್ನೊಂದು ಗ್ರಹಚಾರ ಕಾದಿತ್ತು. ಈ ಸಲ ಮೆಲ್ವಿನ್ ಕಾರಿನ ಓಟನ ನಿಜದ ತರ ಮಾಡಿದ್ದ. ಕೆಸರಲ್ಲಿ ಜೋರಾಗಿ ಒತ್ತುದ್ರೆ ಗಾಲಿ ಗಿರ್ರಂತ ತಿರುಗ್ತದೆ, ಕಾರು ಮಾತ್ರ ಮುಂದಕ್ಕೆ ಹೋಗಕ್ಕಿಲ್ಲ. ತಲೆ ಇನ್ನೂ ಗಾಲಿಗೇ ಕಟ್ಟಿತ್ತಲ್ಲ. ಕಾರು ನಿಂತ ತಾವೇ ನಿಂತೈತೆ, ಬುಗ್ರಪ್ಪನಿಗೆ ಮೈಮ್ಯಾಲೆ ದೇವ್ರು ಬಂದಂಗೆ ತಲೆ ಆಡ್ತೈತೆ. ಜೋರಾಗಿ ಬ್ರೇಕ್ ಒತ್ತುದ್ರೆ ಗಾಲಿ ಕಚ್ಕೊಂಡು ಜಾರ್ತದೆ. ಆಗ ಕಾರು ಬಾಣದಂಗೆ ಹೋಯ್ತೈತೆ, ಬುಗ್ರಪ್ಪ ಸತ್ತಂಗೆ ಕುಂತವ್ನೆ.

ಜಯಂತ್ ಸಾರು ನೋಡಿ, “ರೀ, ಇವನಿಗೇನು ಫಿಟ್ಸ್ ಬಂದಿದ್ಯೇನ್ರೀ? ತೆಗೀರಿ” ಅಂದ್ರು.

“ಸಾರ್, ಅದು ಅವ್ನ ಗುಣ. ಗಾಲಿಗೆ ನಿಯತ್ತಾಗವ್ನೆ.”

“ನಿಯತ್ತು ನನಗಿರಲಿ. ತೆಗೀರಿ.”

ತೆಗಿಯಕ್ಕೆ ಟೈಮ್ ಇರ್ಲಿಲ್ಲ. ಆಟ ಅಂಗೇ ಹೋಯ್ತು. ಹೋಗಿದ್ದೇ ತಡ, ಜನ ನಗಾಡ್ಕೊಂಡು ಹುಚ್ಚರಾಗೋದ್ರು. ಬುಗ್ರಪ್ಪ ತಲೆ ಆಡ್ಸೋ ವಿಡಿಯೋ ಎಲ್ಲಾರ ಫೋನಲ್ಲೂ. ಜಯಂತ್ ಸಾರು ಮೀಟಿಂಗಲ್ಲಿ, “ಇದು ನಮ್ಮ ಡಿಸೈನ್” ಅಂದ್ರು. ನಾನು ಹಿಂದಿನ ಸಾಲಲ್ಲಿ ಕುಂತು ಬುಗ್ರಪ್ಪನಂಗೇ ತಲೆ ಆಡುಸ್ದೆ.

ಆ ತಲೆ ಏನು ಕೆಲ್ಸ ಮಾಡ್ತದೆ ಅಂತ ನಂಗೇ ಗೊತ್ತಾಗಿದ್ದು ಮೂರನೇ ಆಟ ಬಂದ ಮ್ಯಾಲೆ. ಒಂದಿನ ಫೋನಿನ ಗಾಜು ಒಡೆದೋಯ್ತು ಅಂತ ರಾಮನಗರದಲ್ಲಿ ಇಮ್ರಾನ್ ಅನ್ನೋನ ಮೊಬೈಲ್ ಅಂಗ್ಡಿಗೆ ಹೋಗಿದ್ದೆ. ಒಳಗೆ ಕಂಪ್ಯೂಟರ್ ಮುಂದೆ ಅವ್ನ ತಂಗಿ ಶಾಹಿನಾ ಕುಂತು ‘ಗಾಲಿ’ ಆಡ್ತಿದ್ಲು. ಇಪ್ಪತ್ತರ ಆಸುಪಾಸು ವಯಸ್ಸು. ಕೆಸರು ರಸ್ತೇಲಿ ಕಾರು ಎಂಗೆ ಓಡುಸ್ತಿದ್ಲು ಅಂತೀರಿ, ಒಂದು ಕಡೇನೂ ಜಾರ್ತಿಲ್ಲ.

ನಾನು ಎದೆ ಉಬ್ಬುಸ್ಕೊಂಡು, “ಅಮ್ಮಿ, ಆ ಬೊಂಬೆ ಬರ್ದಿರೋದು ಯಾರು ಗೊತ್ತಾ? ನಾನೇ” ಅಂದೆ. ಅವ್ಳು ತಿರುಗಿ ನೋಡ್ಲೇ ಇಲ್ಲ.

ಇಮ್ರಾನ್ ಗಾಜು ಅಂಟಿಸ್ತಾ, “ಹೌದೌದು ಅಂಕಲ್. ತಾಜ್‌ಮಹಲ್ ಕಟ್ಟಿದ್ದು ನಮ್ ತಾತ” ಅಂದ. ಆಮ್ಯಾಲೆ, “ಅವ್ಳಿಗೆ ಕೇಳ್ಸಲ್ಲ ಅಂಕಲ್. ಹುಟ್ಟಿದಾಗ್ಲಿಂದ” ಅಂದ.

ನಾನು ಒಂದು ಹಾಳೆ ಈಸ್ಕೊಂಡು ಬುಗ್ರಪ್ಪನ ಬರ್ದು ಅವ್ಳ ಮುಂದೆ ಇಟ್ಟೆ. ಅವ್ಳು ಹಾಳೆ ನೋಡುದ್ಲು, ನನ್ ಹೊಟ್ಟೆ ನೋಡುದ್ಲು, ಮತ್ತೆ ಹಾಳೆ ನೋಡುದ್ಲು. ಎರಡು ಕೈಲಿ ಹೊಟ್ಟೆ ಗುಂಡುಗೆ ತೋರ್ಸಿ, ತಲೆ ಟಕ ಟಕ ಆಡ್ಸಿ, ನನ್ ಕಡೆ ಬೆರಳು ಮಾಡಿ ಕಿಸಕ್ ಅಂತ ನಕ್ಳು.

“ನಿಮ್ಗೆ ಹೆಸ್ರು ಇಟ್ಲು ಅಂಕಲ್. ಇನ್ಮ್ಯಾಲೆ ಇದೇ ನಿಮ್ ಹೆಸ್ರು” ಅಂದ ಇಮ್ರಾನ್.

ಆಮ್ಯಾಲೆ ಅವ್ಳು ಕೈಲಿ ಏನೇನೋ ಹೇಳುದ್ಲು, ಇಮ್ರಾನ್ ಬಾಯಲ್ಲಿ ಹೇಳ್ದ. ಬೇರೆಯೋರಿಗೆ ಗಾಲಿ ಜಾರ್ತೈತೆ ಅಂತ ಟೈರಿನ ಕಿರ್ರ್ ಸದ್ದಲ್ಲಿ ಗೊತ್ತಾಯ್ತದೆ. ಅವ್ಳಿಗೆ ಆ ಸದ್ದಿಲ್ಲ. ಅವ್ಳು ಬುಗ್ರಪ್ಪನ ತಲೆ ನೋಡ್ತಾಳೆ. ತಲೆ ಕಾರಿಗಿಂತ ಬಿರುಸಾಗಿ ಆಡುದ್ರೆ ಗಾಲಿ ಸುಮ್ಕೆ ತಿರುಗ್ತೈತೆ ಅಂತ ಅರ್ಥ, ಆಕ್ಸಿಲೇಟರ್ ಬುಡ್ಬೇಕು. ತಲೆ ನಿಂತೋದ್ರೆ ಗಾಲಿ ಕಚ್ಕೊಂಡೈತೆ ಅಂತ, ಬ್ರೇಕ್ ಸಡ್ಲ ಮಾಡ್ಬೇಕು. ಬೇರೆ ಯಾವ ರೇಸ್ ಗೇಮಲ್ಲೂ ಅವ್ಳು ಗೆಲ್ಲಕ್ಕಿಲ್ಲ, ಇದ್ರಲ್ಲಿ ಮಾತ್ರ ರಾಮನಗರದಲ್ಲಿ ಅವ್ಳ ಮುಂದೆ ಯಾರೂ ನಿಲ್ಲಕ್ಕಿಲ್ಲ. ಹಗಲೊತ್ತು ಮನೆ ರೀಲಿಂಗ್ ಘಟಕದಲ್ಲಿ ರೇಷ್ಮೆ ಗೂಡಿನ ನೂಲು ಬಿಚ್ತಾಳೆ, ಸಾಯಂಕಾಲ ಅಣ್ಣನ ಅಂಗ್ಡೀಲಿ ಹುಡುಗ್ರ ಮಾನ ಬಿಚ್ತಾಳೆ.

ಅವತ್ತು ಟ್ರೇನಲ್ಲಿ ಬರೋವಾಗ ನಾನು ಯಾರ್ನೂ ರೇಗಿಸ್ಲಿಲ್ಲ. ನಾನು ಬೊಂಬೆ ಅಂತ ಮಾಡಿದ್ದೆ. ಅದು ಆ ಹುಡುಗಿಗೆ ಕಿವಿ ಆಗಿತ್ತು. ನಾನು ಇಲ್ದಿರೋ ಅರ್ಥನೆಲ್ಲ ಅವ್ನಿಗೆ ಹಚ್ಚಿ ಪೇಪರ್ನೋರಿಗೆ ಹೇಳಿದ್ದೆ, ಇದೊಂದು ಇತ್ತು ಅಂತ ನಂಗೇ ಗೊತ್ತಿರ್ಲಿಲ್ಲ. ಮಾರ್ನೇ ದಿನ ಎದ್ದು ಎಲ್ರಿಗೂ ಹೇಳ್ದೆ. ಅದಾದ್ಮ್ಯಾಲೂ ಹೇಳ್ದೆ. ಕ್ಯಾಂಟೀನ್ನೋನು ನನ್ ನೋಡ್ತಿದ್ದಂಗೆ, “ಕಿವಿ ವಿಷ್ಯ ತಾನೇ? ಕೇಳಿವ್ನಿ, ಕಾಪಿ ಕುಡೀರಿ” ಅನ್ನೋನು.

ನಾಕನೇ ಆಟ ಶುರುವಾಗೋ ಹೊತ್ಗೆ ಜಯಂತ್ ಸಾರು ಕಂಪನಿ ಬುಟ್ಕೊಟ್ಟು ಮನೆಗೋದ್ರು, ಅವ್ರ ಜಾಗಕ್ಕೆ ಅನುಪಮಾ ಮೇಡಂ ಬಂದ್ರು. ನಾನು ಕಂಡ ಮೇಲಧಿಕಾರಿಗಳಲ್ಲಿ ನನ್ ತರಲೆಗೆ ಬೀಳ್ದೇ ಇದ್ದೋರು ಅವ್ರೊಬ್ರೇ. ಮೊದಲ್ನೇ ದಿನ ಅವ್ರ ಕುರ್ಚಿ ಮ್ಯಾಲೆ ಮರದ ಹಲ್ಲಿ ಇಟ್ಟಿದ್ದೆ. ಅವ್ರು ಎತ್ತಿ ನೋಡಿ, “ಬಾಲ ಸ್ವಲ್ಪ ದಪ್ಪ ಆಯ್ತು ನಂಜುಂಡಿ ಅವ್ರೇ” ಅಂತ ವಾಪಸ್ ಕೊಟ್ರು. ಬಾಲ ದಪ್ಪ ಆಗೇ ಇತ್ತು.

ಅಷ್ಟೊತ್ಗೆ ಕೆಲ್ಸದ ರೀತಿನೇ ಬದ್ಲಾಗಿತ್ತು. ಬೊಂಬೆ ನಡೆಯೋದನ್ನ ಕೈಲಿ ಬರಿಯೋ ಬದ್ಲು, ಮನುಷ್ಯನಿಗೆ ಕರಿ ಬಟ್ಟೆ ತೊಡ್ಸಿ, ಮೈಮ್ಯಾಲೆಲ್ಲ ಬಿಳಿ ಗುಂಡು ಅಂಟ್ಸಿ, ಅವ್ನು ನಡೆಯೋದನ್ನ ಕ್ಯಾಮ್ರಾದಲ್ಲಿ ಹಿಡಿಯೋದು. ಆ ನಡಿಗೆ ಬೊಂಬೆಗೆ ಬತ್ತದೆ. ಹೊಸ ಆಟದಲ್ಲಿ ರೇಸ್ ಶುರುವಾಗೋ ಮುಂಚೆ ಬುಗ್ರಪ್ಪ ನಡ್ಕೊಂಡು ಬಂದು ಬಾನೆಟ್ ಹತ್ತೋದಿತ್ತು, ಅದಕ್ಕೆ ಅಂತ ಒಬ್ಬ ಡ್ಯಾನ್ಸರ್ನ ಕರ್ಸಿದ್ರು. ಅವ್ನು ನವಿಲಿನಂಗೆ ನಡೆದ. ಬುಗ್ರಪ್ಪನೂ ನವಿಲಿನಂಗೆ ನಡೆದ. ನೋಡಕ್ಕಾಗ್ಲಿಲ್ಲ. ಮೆಲ್ವಿನ್ ಮೆಲ್ಲಗೆ, “ಮೇಡಂ, ಆ ಹೊಟ್ಟೆಗೆ ಆ ನಡಿಗೆ ಹೊಂದಲ್ಲ. ಆ ಹೊಟ್ಟೆ ಇರೋರು ಇಲ್ಲೇ ಒಬ್ರು ಇದ್ದಾರೆ” ಅಂದ. ಇಷ್ಟು ವರ್ಷದ ಸೇಡು ಅವತ್ತು ತೀರ್ಸ್ಕೊಂಡ. ಕರಿ ಬಟ್ಟೇಲಿ ನಾನು ಬದನೇಕಾಯಿ ಇದ್ದಂಗಿದ್ದೆ. ಈಗ ಬುಗ್ರಪ್ಪ ನಡೆಯೋದು ನೋಡಿ, ಎಡಗಾಲು ಒಸಿ ಆಚೆಗೆ ಹಾಕ್ತಾನೆ. ನನ್ ಮಂಡಿ ನೋವು ಅದು.

ಆದ್ರೆ ಮೇಡಂ ಇನ್ನೊಂದು ಮಾತು ಹೇಳಿದ್ರು. “ತಲೆಯನ್ನ ಗಾಲಿಯಿಂದ ಬಿಡಿಸಿ. ಈಗಿನ ಚಿತ್ರಕ್ಕೆ ಅದು ಹೊಂದೋದಿಲ್ಲ. ದೊಡ್ಡ ಪರದೆಯಲ್ಲಿ ಬಾನೆಟ್ ಮೇಲೆ ಅಷ್ಟು ಬೇಗ ಏನೋ ಅಲ್ಲಾಡ್ತಾ ಇದ್ರೆ ಆಡೋರ ತಲೆ ನೋಯುತ್ತೆ.”

ನಾನು ಎದ್ದು ನಿಂತೆ. “ಮೇಡಂ, ಆ ತಲೆ ಕಿತ್ರೆ ಒಂದು ಹುಡುಗಿ ಆಟನೇ ಕಿತ್ತಂಗೆ” ಅಂತ ಶಾಹಿನಾ ವಿಷ್ಯ ಎಲ್ಲಾ ಹೇಳ್ದೆ. ಆ ವರ್ಷ ನಮ್ ಕಂಪನೀನೇ ದೊಡ್ಡ ಪಂದ್ಯ ಇಟ್ಟಿತ್ತು. ಹಳೇ ಆಟದಲ್ಲಿ ಗೆದ್ದೋರು ಕೊನೇ ಸುತ್ತನ್ನ ಹೊಸ ಆಟದಲ್ಲಿ ಆಡ್ಬೇಕು. ಶಾಹಿನಾ ಗೆದ್ದು ಕೊನೇ ಸುತ್ತಿಗೆ ಬಂದ್ಬುಟ್ಟಿದ್ಲು. ಹೊಸ ಆಟದಲ್ಲಿ ತಲೆ ಆಡ್ದಿದ್ರೆ ಅವ್ಳಿಗೆ ಗಾಲಿ ಜಾರೋದು ಎಂಗೆ ಗೊತ್ತಾಗ್ಬೇಕು?

ಮೇಡಂ, “ಕರ್ಕೊಂಡ್ ಬನ್ನಿ. ನೋಡೋಣ” ಅಂದ್ರು.

ನಾನು ಕುಣ್ಕೊಂಡು ಹೋದೆ. ಗೆದ್ದೆ ಅಂತ್ಲೇ ಲೆಕ್ಕ. ಅಣ್ಣ ತಂಗಿ ಇಬ್ರೂ ನಂಜೊತೆ ಟ್ರೇನಲ್ಲಿ ಬಂದ್ರು. ದಾರೀಲಿ ಶಾಹಿನಾ ಏನೋ ಕೈ ಆಡುಸಿದ್ಲು.

“ಏನಂತೆ?”

“ಹೆದ್ರಿಕೆ ಆಯ್ತೈತಂತೆ ಅಂಕಲ್. ಇದು ಹೋದ್ರೆ ಇನ್ನು ಯಾವ ಆಟನೂ ಬ್ಯಾಡ ಅಂತವ್ಳೆ. ಮನೇಲಿ ನೂಲು ಬಿಚ್ಕೊಂಡು ಇರ್ತೀನಿ ಅಂತವ್ಳೆ.”

“ಹೆದರ್ಬ್ಯಾಡ ಅನ್ನು. ನಂಜುಂಡಿ ಅವ್ನೆ ಅನ್ನು.”

ಇಮ್ರಾನ್ ಎರಡು ಕೈಲಿ ಹೊಟ್ಟೆ ತೋರ್ಸಿ ತಲೆ ಆಡ್ಸಿ ಹೇಳ್ದ. ಡಬ್ಬಿಲಿದ್ದೋರೆಲ್ಲ ನನ್ನೇ ನೋಡಿದ್ರು.

ಆಫೀಸಲ್ಲಿ ಮೊದ್ಲು ಹೊಸ ಆಟ ಕೀಬೋರ್ಡಲ್ಲಿ ಆಡ್ಸಿದ್ರು, ಪರೀಕ್ಷೆಗೆ ಅಂತ ಮೆಲ್ವಿನ್ ತಲೆ ಗಾಲಿಗೆ ಕಟ್ದೆ ಮಾಡಿದ್ದು. ಬುಗ್ರಪ್ಪ ಬಾನೆಟ್ ಮ್ಯಾಲೆ ಚೆಂದಾಗಿ ಕುಂತಿದ್ದ, ತಲೆ ಗಾಳಿಗೆ ಮೆಲ್ಲಗೆ ತೂಗ್ತಿತ್ತು. ಮೊದಲ್ನೇ ತಿರುವಲ್ಲೇ ಶಾಹಿನಾ ಗೋಡೆಗೆ ಗುದ್ದುದ್ಲು. ಮತ್ತೆ ಆಡುದ್ಲು, ಮತ್ತೆ ಗೋಡೆ. ಅವ್ಳ ಕಣ್ಣು ಬುಗ್ರಪ್ಪನ ತಲೆ ಮ್ಯಾಲೆ. ಅವ್ನು ಏನೂ ಹೇಳ್ತಿಲ್ಲ. ಅವ್ಳ ಮಖ ಕೆಂಪಗಾಯ್ತು. ನಾನು ಮೇಡಂ ಕಡೆ ತಿರುಗಿ, “ನೋಡುದ್ರಾ?” ಅಂದೆ. ಆ ಮಗು ಸೋಲ್ತಿರೋವಾಗ ನಂಗೆ ಒಳಗೊಳಗೇ ಖುಷಿ. ಎಂತಾ ಮನುಷ್ಯ ಅಂದ್ಕೊಳ್ಳಿ ಬೇಕಾದ್ರೆ.

ಮೇಡಂ ಮೆಲ್ವಿನ್ ಕಡೆ ತಿರುಗಿದ್ರು. “ಮೆಲ್ವಿನ್, ಆ ಸ್ಟೀರಿಂಗ್ ಹಾಕು” ಅಂದ್ರು.

ಹೊಸ ಆಟಕ್ಕೆ ಅಂತ ಸ್ಟೀರಿಂಗ್ ಚಕ್ರ ತರ್ಸಿದ್ರು, ನಿಜದ ಕಾರಲ್ಲಿ ಇರೋ ಅಂತದು. ಗಾಲಿ ಜಾರಕ್ಕೆ ಶುರುವಾದ್ರೆ ಅದು ಕೈಯೊಳಗೆ ನಡುಗ್ತದೆ. ಎಷ್ಟು ಜಾರ್ತದೋ ಅಷ್ಟು ನಡುಕ. ಶಾಹಿನಾ ಹಿಡ್ಕೊಂಡ್ಲು. ಮೊದಲ್ನೇ ತಿರುವಲ್ಲಿ ಅದು ನಡುಗ್ತಿದ್ದಂಗೆ ಬೆಚ್ಚಿಬಿದ್ದು ಕೈ ಬುಟ್ಲು. ಕಾರು ಹಳ್ಳಕ್ಕೆ ಬಿತ್ತು. ನಂಗೆ ಇನ್ನೂ ಖುಷಿ.

ಮತ್ತೆ ಹಿಡ್ಕೊಂಡ್ಲು. ಈ ಸಲ ಅಂಗೈಲಿ ಗಟ್ಟಿಯಾಗಿ ಹಿಡೀಲಿಲ್ಲ, ಬೆರಳ ತುದೀಲಿ ಹಿಡುದ್ಲು. ತಿರುವು ಬಂತು. ಆಕ್ಸಿಲೇಟರ್ ಒಸಿ ಬುಟ್ಲು, ಮತ್ತೆ ಒತ್ತುದ್ಲು. ಕಾರು ಜಾರ್ಲಿಲ್ಲ. ಇನ್ನೊಂದು ತಿರುವು. ಆಮ್ಯಾಲೆ ಕೆಸರು. ನೀರಿನ ಮ್ಯಾಲೆ ಎಣ್ಣೆ ಹೋದಂಗೆ ಹೋದ್ಲು. ಒಂದು ಸುತ್ತು ಮುಗಿಸಿ ಕೈ ಬುಟ್ಟು ಅಣ್ಣಂಗೆ ಗಡಿಬಿಡೀಲಿ ಏನೋ ಹೇಳುದ್ಲು.

“ಗೂಡಿನ ಎಳೆ ಇದ್ದಂಗೈತಂತೆ ಅಂಕಲ್” ಅಂದ ಇಮ್ರಾನ್. “ನೂಲು ಬಿಚ್ಚೋವಾಗ ಎಳೆ ಸಣ್ಣಗಾದ್ರೆ ಕಣ್ಣಿಗೆ ಕಾಣೋಕ್ಕಿಂತ ಮೊದ್ಲು ಬೆರಳಿಗೆ ಗೊತ್ತಾಯ್ತದಲ್ಲ, ಅಂಗಂತೆ.”

ನಾನು ಬುಡ್ತೀನಾ? “ಮೇಡಂ, ಅದೂ ಇರ್ಲಿ, ತಲೆನೂ ಇರ್ಲಿ. ಎರಡೂ ಇದ್ರೆ ಹುಡುಗಿಗೆ ಇನ್ನೂ ಅನುಕೂಲ” ಅಂದೆ. ಮೇಡಂ ಒಪ್ಪಿದ್ರು. ಮೆಲ್ವಿನ್ ಹಳೇ ತರ ತಲೇನ ಗಾಲಿಗೆ ಕಟ್ಟಿದ್ದ ಆಟ ಹಾಕ್ದ. ಬುಗ್ರಪ್ಪ ಟಕ ಟಕ ಶುರು ಮಾಡ್ದ. ನಂಗೆ ಜೀವ ಬಂದಂಗಾಯ್ತು.

ಶಾಹಿನಾ ಅರ್ಧ ಸುತ್ತು ಹೋಗಿ ನಿಲ್ಸಿಬುಟ್ಲು. ಪರದೆ ಮ್ಯಾಲೆ ಬುಗ್ರಪ್ಪನ ತೋರ್ಸಿ, ಕೈಯಿಂದ ಪಕ್ಕಕ್ಕೆ ತಳ್ಳಿದಂಗೆ ಮಾಡುದ್ಲು. ನಾನು ಇಮ್ರಾನ್ ಮಖ ನೋಡ್ದೆ. ಅವ್ನು ನೆಲ ನೋಡ್ದ.

“ಏನಂತವ್ಳೆ, ಹೇಳ್ಲಾ.”

“ಬುಡಿ ಅಂಕಲ್.”

“ಹೇಳು ಅಂದ್ರೆ.”

“ಬೇಜಾರ್ ಮಾಡ್ಕೋಬ್ಯಾಡಿ. ಅಡ್ಡ ಬತ್ತಾನಂತೆ. ಇಷ್ಟು ದಿನ ಒಂದು ಕಣ್ಣು ಇವ್ನ ಮ್ಯಾಲೇ ಇಟ್ಟಿರ್ಬೇಕಿತ್ತಂತೆ. ರಸ್ತೇನ ಪೂರ್ತಿಯಾಗಿ ಒಂದ್ಸಲನೂ ನೋಡಿಲ್ವಂತೆ.”

ಶಾಹಿನಾ ಎದ್ದು ನನ್ ಮುಂದೆ ಬಂದು, ನನ್ ಹೆಸ್ರು ಹೇಳುದ್ಲು, ಹೊಟ್ಟೆ, ತಲೆ. ಆಮ್ಯಾಲೆ ಎದೆ ಮ್ಯಾಲೆ ಕೈ ಇಟ್ಕೊಂಡ್ಲು. ಅದನ್ನ ಯಾರೂ ಬಾಯಲ್ಲಿ ಹೇಳ್ಬೇಕಾಗಿರ್ಲಿಲ್ಲ. ನಾನು ತಲೆ ಆಡುಸ್ದೆ. ಅವ್ಳು ನಕ್ಳು.

ಅವ್ರು ಹೊರಟ ಮ್ಯಾಲೆ ಮೇಡಂ ನನ್ ಪಕ್ಕ ಬಂದು ಕುಂತ್ರು. ಗೆದ್ದೋರ ಮಖ ಇರ್ಲಿಲ್ಲ ಅವ್ರದ್ದು. “ನಂಜುಂಡಿ ಅವ್ರೇ, ಅವನನ್ನ ಬಾನೆಟ್ಟಿಂದಲೇ ಇಳಿಸೋಣ ಅಂತಿದ್ದೀನಿ. ಸ್ಟಾರ್ಟ್ ಗೆರೆ ಹತ್ರ ಬಾವುಟ ಬೀಸೋಕೆ ನಿಲ್ಲಿಸೋಣ. ಆ ತಲೆಯನ್ನ ಗಾಲಿಯಿಂದ ನೀವೇ ಬಿಡಿಸಿ. ಬೇರೆಯವರ ಕೈಲಿ ಬೇಡ.”

ನಾನೇ ಕುಂತ್ಕೊಂಡೆ. ಮೆಲ್ವಿನ್ ಪಕ್ಕದಲ್ಲಿ ನಿಂತಿದ್ದ. ಆ ಕಂಪ್ಯೂಟರೊಳಗೆ ಗಾಲಿಯಿಂದ ತಲೆಗೆ ಹೋಗಿದ್ದು ಒಂದು ಸಣ್ಣ ಗೆರೆ ಅಷ್ಟೇ. ಅದನ್ನ ಹಿಡ್ದು ಅಳಿಸ್ದೆ. ಗಾಲಿ ತಿರುಗ್ತಾನೇ ಇತ್ತು, ತಲೆ ನಿಂತೋಯ್ತು. ಇಷ್ಟು ವರ್ಷದಲ್ಲಿ ಗಾಲಿ ತಿರುಗ್ತಿರೋವಾಗ ಅವ್ನ ಮಖ ನಿಂತ ತಾವ ನಿಂತಿರೋದನ್ನ ನಾನೂ ನೋಡಿರ್ಲಿಲ್ಲ. ಹುಬ್ಬು ಒಸಿ ಸೊಟ್ಟ ಇತ್ತು. ಇಷ್ಟು ದಿನ ಅಲ್ಲಾಟದಲ್ಲಿ ಕಂಡಿರ್ಲಿಲ್ಲ. ಅದನ್ನ ತಿದ್ದುದೆ. ಆಮ್ಯಾಲೆ ಮೆಲ್ವಿನ್ ನಂಗೆ ಕಾಪಿ ಕೊಡಿಸ್ದ. ಅವತ್ತು ಅವ್ನ್ನ ರೇಗಿಸಕ್ಕೆ ಮನಸ್ಸು ಬರ್ಲಿಲ್ಲ.

ಹೊಸದಾಗಿ ಈ ಕೆಲ್ಸಕ್ಕೆ ಬರೋ ಮಕ್ಳು ನನ್ನ ಬುದ್ಧಿಮಾತು ಕೇಳ್ತೀರಲ್ಲ, ನಂತಾವ ಇರೋದು ಇಷ್ಟೇ. ನೀವು ಮಾಡಿದ್ದು ಯಾರಿಗೋ ಆಸರೆ ಆದ್ರೆ ಖುಷಿಪಡಿ, ಊರೆಲ್ಲ ಹೇಳ್ಕೊಂಡು ಬನ್ನಿ, ನಾನೂ ಹೇಳಿವ್ನಿ. ಆದ್ರೆ ಅವ್ರು ಅದನ್ನ ಹಿಡ್ಕೊಂಡೇ ಇರ್ಬೇಕು ಅಂತ ಆಸೆಪಡಬ್ಯಾಡಿ. ಇದು ಹೇಳಕ್ಕೆ ಸುಲ್ಭ. ನನ್ ಕೈ ಮೌಸ್ ಮ್ಯಾಲೆ ಎಷ್ಟೊತ್ತು ಸುಮ್ಕೆ ಇತ್ತು ಅಂತ ಮೆಲ್ವಿನ್ನ ಕೇಳಿ.

ಕೊನೇ ಸುತ್ತಿನ ಪಂದ್ಯಕ್ಕೆ ಬೆಂ‌ಗ್ಳೂರಲ್ಲಿ ದೊಡ್ಡ ಹಾಲ್ ಹಿಡಿದಿದ್ರು. ನಾನು, ಇಮ್ರಾನ್, ಅವ್ರಮ್ಮ ಮುಂದಿನ ಸಾಲಲ್ಲಿ ಕುಂತಿದ್ವಿ. ಅವ್ರಮ್ಮಂಗೆ ಆಟ ಗೊತ್ತಿಲ್ಲ, “ನಮ್ಮ ಹುಡುಗಿ ಯಾವ ಕಾರು ಬೇಟಾ?” ಅಂತ ಮಗನ ತೋಳು ಹಿಡ್ಕೊಂಡು ಕೇಳ್ತಾನೇ ಇದ್ರು. ಒಂದು ಕಡೆ ಆಟದ ಪರದೆ, ಇನ್ನೊಂದು ಕಡೆ ಆಡೋರ ಮಖ ತೋರ್ಸೋ ಪರದೆ. ಬುಗ್ರಪ್ಪ ಗೆರೆ ತಾವ ಎಡಗಾಲು ಆಚೆಗೆ ಹಾಕ್ಕೊಂಡು ಬಂದ, ಹೊಟ್ಟೆ ಮುಂದಕ್ಕೆ ಮಾಡಿ ನಿಂತ, ಬಾವುಟ ಬೀಸ್ದ. ಕಾರುಗಳೆಲ್ಲ ಭರ್ರಂತ ಅವ್ನ ದಾಟ್ಕೊಂಡು ಹೋದ್ವು. ಅವ್ನು ಅಲ್ಲೇ ಉಳ್ಕೊಂಡ.

ನಾನು ಅವ್ಳ ಮಖ ನೋಡ್ದೆ. ಬೆರಳ ತುದೀಲಿ ಚಕ್ರ ಹಿಡ್ದು ಮುಂದಕ್ಕೆ ಬಗ್ಗಿದ್ಲು. ಎರಡು ಕಣ್ಣೂ ರಸ್ತೆ ಮ್ಯಾಲಿದ್ವು.